ಅಜ್ಜನೆಂಬ ಹುದ್ದೆ

ಎಂಬತ್ತು ದಾಟಿದ ಅಜ್ಜ ಮನೆಯಲ್ಲಿದ್ದರೆ ಅವರ ದಿನಚರಿ ಹೇಗಿರುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಎದ್ದು ಹಂಡೆಯ ನೀರು ಸರಿಯಾಗಿ ಕಾದಿಲ್ಲ ಎನ್ನುವುದು, ಪೇಪರಿನವ ತಡ ಮಾಡಿದನೆಂದು ಜಗಲಿಯಲ್ಲಿ ಕೂತು ಗೊಣಗುವುದು, ಮಧ್ಯಾಹ್ನ ಗಂಜಿಯ ಬದಿಗೆ ಮಿಡಿ ಉಪ್ಪಿನಕಾಯಿ ಹಾಕಲು ಮರೆತ ಸೊಸೆಯ ಕಡೆ ಒಮ್ಮೆ ನೋಡುವುದು, ಸಂಜೆ ಟಿವಿಯಲ್ಲಿ ಕಾಣುವ ಮಂತ್ರಿಗಳಿಗೆಲ್ಲ ಕೂತಲ್ಲಿಂದಲೇ ಬುದ್ಧಿ ಹೇಳುವುದು. 1989ರಲ್ಲಿ ಕರಾವಳಿಯ ಅಜ್ಜರೊಬ್ಬರು ಕೂತಲ್ಲಿಂದ ಎದ್ದು ಲೋಕಸಭೆಗೇ ನಾಮಪತ್ರ ಸಲ್ಲಿಸಿದರು. ಆಗ ಅವರಿಗೆ 87 ವರ್ಷ. ಕ್ಷೇತ್ರ ಕೆನರಾ, ಅಭ್ಯರ್ಥಿ ಪಕ್ಷೇತರ, ಕಾರಣ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ ಬೇಡವೆಂಬ ಹಟ.

ಗೆಲ್ಲಲಿಲ್ಲ. ಸ್ಥಾವರವೂ ನಿಲ್ಲಲಿಲ್ಲ. ಆದರೆ ಆ ವಯಸ್ಸಿನವರನ್ನು ಓಟು ಹಾಕಿಸಲು ಕರೆದೊಯ್ಯುವುದಕ್ಕೇ ಮನೆಯವರು ರಿಕ್ಷಾ ಹೇಳಿ, ಕೊಡೆ ಹಿಡಿದು, ಮೆಟ್ಟಿಲು ಎಣಿಸಿ ಒದ್ದಾಡುತ್ತಾರೆ. ಓಟು ಕೇಳಲು ಹೊರಟ ಅಜ್ಜನನ್ನು ಕಂಡ ಎದುರಾಳಿಗಳಿಗೆ ಬೈಯಬೇಕೋ ಕಾಲಿಗೆ ಬೀಳಬೇಕೋ ತಿಳಿಯದೆ ಹೋಗಿದ್ದರೆ ಅದರಲ್ಲಿ ಅವರ ತಪ್ಪಿಲ್ಲ.

ಇವರು ಕೋಟ ಶಿವರಾಮ ಕಾರಂತರು. 1902ರ ಅಕ್ಟೋಬರ್ 10ರಂದು ಕೋಟದಲ್ಲಿ ಹುಟ್ಟಿದರು, 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ತೀರಿಕೊಂಡರು. ನಡುವೆ ಸಿಕ್ಕ ತೊಂಬತ್ತೈದು ವರ್ಷಗಳಲ್ಲಿ 47 ಕಾದಂಬರಿ, ಅದರ ಮೇಲೆ ನಾಟಕ, ಪ್ರವಾಸಕಥನ, ನಿಘಂಟು, ವಿಜ್ಞಾನ, ಶಿಲ್ಪ, ಯಕ್ಷಗಾನದ ಸಂಶೋಧನೆ, ಆತ್ಮಕಥೆ. ಎಲ್ಲ ಸೇರಿ ನಾನೂರಕ್ಕೂ ಮೇಲೆ ಎನ್ನುತ್ತಾರೆ. ಪೂರಾ ಲೆಕ್ಕ ಹಾಕಲು ಕೂತವರಿಗೆ ಅದೇ ಒಂದು ಉದ್ಯೋಗವಾಯಿತು. ಸಾಹಿತಿ ಕಾರಂತರ ಮೇಲೆ ಪಿಎಚ್.ಡಿ. ಗ್ರಂಥಗಳು ಬೇಕಾದಷ್ಟಿವೆ, ಕಪಾಟು ಸಾಲದಷ್ಟಿವೆ. ಇಲ್ಲಿ ಬೇಕಾದವರು ಅಪ್ಪ ಕಾರಂತರು, ಅಜ್ಜ ಕಾರಂತರು. ಅವರ ಮೇಲೆ ಪಿಎಚ್.ಡಿ. ಮಾಡುವುದು ಕಷ್ಟ. ಆಕರಗಳೆಲ್ಲ ಈಗ ನಡುವಯಸ್ಸು ದಾಟಿ ಬೆಂಗಳೂರಿನಲ್ಲಿ ಸಾಲದ ಕಂತು ಕಟ್ಟುತ್ತಿರುವ, ಒಂದು ಕಾಲದ ಮಕ್ಕಳು.

ಕಾರಂತರ ಬದುಕನ್ನು ಮೇಲಿಂದ ನೋಡಿದರೆ ಅದು ಬಿಟ್ಟುಬಂದ ಕೆಲಸಗಳ ಪಟ್ಟಿಯಂತೆ ಕಾಣುತ್ತದೆ. 1921ರಲ್ಲಿ ಗಾಂಧೀಜಿ ಕರೆಕೊಟ್ಟರೆಂದು ಮಂಗಳೂರಿನ ಕಾಲೇಜು ಬಿಟ್ಟರು. ಮನೆಯಲ್ಲಿ ಅಣ್ಣ ರಾಮಕೃಷ್ಣ ಕಾರಂತರು ವಕೀಲರಾಗಿ ಮುಂದೆ ಮದರಾಸು ಪ್ರಾಂತ್ಯದ ಮಂತ್ರಿಯೂ ಆದವರು. ತಮ್ಮ ಮಾತ್ರ ಹೆಗಲಿಗೆ ಖಾದಿ ಗಂಟು ಹಾಕಿಕೊಂಡು ಊರೂರು ಅಲೆದರು. ಕೆಲವು ವರ್ಷಗಳ ಮೇಲೆ ಅದನ್ನೂ ಬಿಟ್ಟರು. ‘ವಸಂತ’ ಎಂಬ ಪತ್ರಿಕೆ ನಡೆಸಿದರು, ಬಿಟ್ಟರು. ಕ್ಯಾಮೆರಾ ಹಿಡಿದು ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಎರಡು ಮೂಕಿ ಚಿತ್ರ ತೆಗೆದರು, 1930–31ರ ಹೊತ್ತಿಗೆ. ಅದನ್ನೂ ಬಿಟ್ಟರು. 1968ರಲ್ಲಿ ಬಂದ ಪದ್ಮಭೂಷಣವನ್ನು 1975ರಲ್ಲಿ, ತುರ್ತುಪರಿಸ್ಥಿತಿ ಹೇರಿದ್ದಕ್ಕೆ ಪ್ರತಿಭಟಿಸಿ, ಹಿಂದಿರುಗಿಸಿದರು. ಇನ್ನು ದೇವರು, ಗುರು, ಪಂಥ, ಮಠ ಎಂಬ ಬಾಬತ್ತುಗಳನ್ನು ಅವರು ಒಪ್ಪಿಕೊಂಡೇ ಇರಲಿಲ್ಲವಾದ್ದರಿಂದ ಬಿಡುವ ತೊಂದರೆ ಬರಲಿಲ್ಲ. ಇಷ್ಟೆಲ್ಲದರ ನಡುವೆ ಕನ್ನಡದ ಮಕ್ಕಳು ಒಂದು ಬಿರುದು ಕೊಟ್ಟರು: ಕಾರಂತಜ್ಜ. ಅದೊಂದನ್ನು ಮಾತ್ರ ಅವರು ಹಿಂದಿರುಗಿಸಲಿಲ್ಲ.

ಅಜ್ಜನಾಗುವ ಮೊದಲು ಅಪ್ಪನಾಗಬೇಕಲ್ಲ. ಆ ಕಥೆ ಪುತ್ತೂರಿನದು.

ಪುತ್ತೂರಿಗೆ ಕಾರಂತರು ಬಂದು ನೆಲೆಸುವುದಕ್ಕೆ ಸಹಕಾರ ಚಳವಳಿಯ ಮೊಳಹಳ್ಳಿ ಶಿವರಾಯರ ಒತ್ತಾಸೆಯಿತ್ತು. ಊರಿನ ಪರ್ಲಡ್ಕದ ಗುಡ್ಡದ ಮೇಲೆ ‘ಬಾಲವನ’ ಹುಟ್ಟಿತು. ಮಕ್ಕಳನ್ನು ಬೆಂಚಿನ ಮೇಲೆ ಸಾಲಾಗಿ ಕೂರಿಸಿ ಬೆತ್ತ ತೋರಿಸಿ ಕಲಿಸುವುದು ಅವರಿಗೆ ಆಗದ ಮಾತು. ಮಕ್ಕಳು ಆಡಬೇಕು, ಕುಣಿಯಬೇಕು, ಗಿಡ ನೋಡಬೇಕು, ನಾಟಕ ಮಾಡಬೇಕು, ಹಾಗೆ ಮಾಡುತ್ತ ಮಾಡುತ್ತ ಅಕ್ಷರವೂ ಬರಬೇಕು ಎಂಬುದು ಅವರ ಹಟ. ಹಾಗೆಂದೇ ಅವರು ಬರೆದ ಮೊದಲ ಪಾಠದ ಪುಸ್ತಕದ ಹೆಸರು ‘ಓದುವ ಆಟ’. ಇಂದು ಲಕ್ಷಗಟ್ಟಲೆ ಶುಲ್ಕ ತೆತ್ತು ಸೇರಿಸುವ ಶಾಲೆಗಳ ಬಣ್ಣದ ಕರಪತ್ರದಲ್ಲಿ ಇದೇ ಮಾತು ದಪ್ಪಕ್ಷರದಲ್ಲಿ ಇರುತ್ತದೆ. ಕಾರಂತರು ಅದನ್ನು 1930ರ ದಶಕದಲ್ಲಿ, ಕರಪತ್ರಕ್ಕೂ ದುಡ್ಡಿಲ್ಲದೆ ಮಾಡಿದರು. ಶಾಲೆ ಬಹಳ ವರ್ಷ ನಡೆಯಲಿಲ್ಲ. ಆಟವಾಡಿಸುವುದಕ್ಕೆ ಮಕ್ಕಳನ್ನು ಶಾಲೆಗೆ ಕಳಿಸುವ ತಂದೆತಾಯಿ ಆ ಕಾಲದಲ್ಲಿ ಎಷ್ಟು ಮಂದಿ ಇದ್ದಾರು? ಆಟವನ್ನು ಮಕ್ಕಳು ಮನೆಯಲ್ಲೇ ಪುಕ್ಕಟೆ ಆಡುತ್ತಿದ್ದರು.

1936ರಲ್ಲಿ ಕಾರಂತರು ಲೀಲಾ ಆಳ್ವರನ್ನು ಮದುವೆಯಾದರು. ಕೋಟದ ಬ್ರಾಹ್ಮಣ, ಬಂಟರ ಹುಡುಗಿ. ಆ ಕಾಲದ ದಕ್ಷಿಣ ಕನ್ನಡದಲ್ಲಿ ಇದೊಂದೇ ಸಂಗತಿ ಹತ್ತು ಊರಿನ ಜಗಲಿಗಳಿಗೆ ಎರಡು ಮಳೆಗಾಲ ಸಾಕಾಗುವಷ್ಟು ಮಾತು ಒದಗಿಸಿರಬೇಕು. ಆ ಗಲಾಟೆ ಕಾರಂತರ ಕಿವಿಗೆ ಬಿದ್ದಿದ್ದರೂ ಕೇಳಿಸಿಕೊಳ್ಳಲು ಪುರುಸೊತ್ತಿರಲಿಲ್ಲ. ಮದುವೆಯಾದ ವರ್ಷ ಬೇರೆ ಗಂಡಸರು ಪಾತ್ರೆ, ಚಾಪೆ, ಮಂಚ ಎಂದು ಪೇಟೆ ಸುತ್ತಿದರೆ ಇವರು ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದರು. ಕನ್ನಡದ ಮಕ್ಕಳಿಗೆ ವಿಶ್ವಕೋಶ ಮೊದಲು ಬಂತು, ಕಾರಂತರಿಗೆ ಮಕ್ಕಳು ಆಮೇಲೆ ಬಂದರು. ಸ್ವಂತ ಮಗು ರಾತ್ರಿ ಎರಡು ಗಂಟೆಗೆ ಎದ್ದು ಅಳುವುದಕ್ಕೆ ಮೊದಲು ಮಕ್ಕಳ ಶಿಕ್ಷಣದ ಬಗ್ಗೆ ದೃಢವಾದ ಅಭಿಪ್ರಾಯ ಹೊಂದಿರುವುದು ಎಲ್ಲರಿಗೂ ಸಾಧ್ಯ. ಮಕ್ಕಳಾದ ಮೇಲೂ ಅದನ್ನು ಬದಲಾಯಿಸದೆ ಇದ್ದದ್ದು ಕಾರಂತರ ಹೆಚ್ಚುಗಾರಿಕೆ.

ಮಕ್ಕಳು ನಾಲ್ವರು: ಹರ್ಷ, ಮಾಳವಿಕಾ, ಉಲ್ಲಾಸ, ಕ್ಷಮಾ. ಹೆಸರುಗಳನ್ನೇ ನೋಡಿ. ಅಜ್ಜನ ಹೆಸರು ಮೊಮ್ಮಗನಿಗೆ, ಕುಲದೇವರ ಹೆಸರು ಹಿರಿಮಗನಿಗೆ ಎಂಬ ಕರಾವಳಿಯ ಪದ್ಧತಿಯನ್ನು ಮೀರಿ ಒಂದು ಮನೆಯಲ್ಲಿ ಹರ್ಷವೂ ಉಲ್ಲಾಸವೂ ಒಟ್ಟಿಗೆ ತೊಟ್ಟಿಲಿಗೆ ಬಂದವು. ಲೋಕ ಕಂಡ ಕಾರಂತರು ಹುಬ್ಬು ಗಂಟಿಕ್ಕಿಕೊಂಡ, ಬೆಳ್ಳಗಿನ ಕೂದಲನ್ನು ಹಿಂದಕ್ಕೆ ಬಾಚಿದ, ಸಭೆಯಲ್ಲಿ ಯಾರಿಗೆ ಯಾವಾಗ ಗ್ರಹಚಾರ ಬಿಡಿಸುತ್ತಾರೋ ಎಂದು ಸಂಘಟಕರು ನಡುಗುತ್ತಿದ್ದ ಮನುಷ್ಯ. ಅಂಥವರ ಮನೆಯ ಹಾಜರಿ ಪುಸ್ತಕದಲ್ಲಿ ಇಂಥ ಹೆಸರುಗಳು. ಅವರ ಪ್ರಕಾಶನದ ಹೆಸರೂ ‘ಹರ್ಷ ಪ್ರಕಟಣಾಲಯ’ವೇ. ಪುಸ್ತಕ ಬರೆದವರು ಕಾರಂತರು, ಮುದ್ರಿಸಿದವರು ಕಾರಂತರು, ಎಷ್ಟೋ ಪುಸ್ತಕಗಳ ರಕ್ಷಾಪುಟ ಬರೆದವರೂ ಕಾರಂತರೇ. ಕೊಂಡು ಓದುವ ಒಂದು ಕೆಲಸವನ್ನು ಮಾತ್ರ ಕನ್ನಡಿಗರಿಗೆ ಬಿಟ್ಟಿದ್ದರು.

ಇಂಥ ಅಪ್ಪನ ಮಕ್ಕಳಾಗಿರುವುದು ಸುಲಭದ ಕೆಲಸವಲ್ಲ. ತಮಗೆ ಹತ್ತು ಮುಖಗಳಿವೆ ಎಂದು ಅವರೇ 1948ರಲ್ಲಿ ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂಬ ಹೆಸರಿಟ್ಟು ಲಿಖಿತವಾಗಿ ಒಪ್ಪಿಕೊಂಡಿದ್ದಾರೆ. ಮನೆಯಲ್ಲಿ ಒಂದು ಮುಖದ ಅಪ್ಪನ ಮರ್ಜಿ ಹಿಡಿಯುವುದೇ ಸಾಮಾನ್ಯರ ಮಕ್ಕಳಿಗೆ ಕಷ್ಟ. ಮಾಳವಿಕಾ, ಉಲ್ಲಾಸ, ಕ್ಷಮಾ ಮೂವರೂ ಸೇರಿ ಇಂಗ್ಲಿಷಿನಲ್ಲಿ ಬರೆದ ನೆನಪಿನ ಪುಸ್ತಕ ‘ಗ್ರೋಯಿಂಗ್ ಅಪ್ ಕಾರಂತ್’ ಬಂದದ್ದು 2021ರಲ್ಲಿ, ತಂದೆ ತೀರಿಕೊಂಡು ಇಪ್ಪತ್ತಮೂರು ವರ್ಷಗಳ ಮೇಲೆ. ತಂದೆ ಒಬ್ಬರೇ ನಾನೂರು ಪುಸ್ತಕ ಬರೆದರು; ತಂದೆಯ ಬಗ್ಗೆ ಒಂದು ಪುಸ್ತಕ ಬರೆಯಲು ಮೂವರು ಬೇಕಾದರು. ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿಯವರೂ ‘ಅಣ್ಣನ ನೆನಪು’ ಪುಸ್ತಕ ತಂದದ್ದು ತಂದೆ ಹೋದ ಮೇಲೆಯೇ. ದೊಡ್ಡ ಮರ ಪಕ್ಕದಲ್ಲೇ ನಿಂತಿರುವಾಗ ಅದರ ಎತ್ತರ ಅಳೆಯಲು ಆಗುವುದಿಲ್ಲ. ಅಲ್ಲದೆ ಮರ ತಿರುಗಿ ಕೇಳುವ ಸ್ವಭಾವದ್ದಾಗಿದ್ದರೆ ಅಳೆಯುವ ಧೈರ್ಯವೂ ಬರುವುದಿಲ್ಲ.

ಉಲ್ಲಾಸ ಕಾರಂತರ ಕಥೆಯನ್ನು ಬೇರೆ ಯಾವುದೇ ಕನ್ನಡ ಮನೆಯಲ್ಲಿ ಇಟ್ಟು ನೋಡಬೇಕು. ಹುಡುಗ ಸುರತ್ಕಲ್ಲಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದ. ಕೆಲಸ ಸಿಕ್ಕಿತು. ಅಲ್ಲಿಗೆ ಸಾಮಾನ್ಯವಾಗಿ ಕಥೆ ಮುಗಿದು ಮದುವೆ ಊಟದ ಎಲೆ ಹಾಕುತ್ತಾರೆ. ಇವರು ಇಂಜಿನಿಯರ್ ಕೆಲಸ ಬಿಟ್ಟರು, ಬೇಸಾಯ ಮಾಡಿದರು, ಆಮೇಲೆ ಹುಲಿಗಳನ್ನು ಓದುತ್ತೇನೆಂದು ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯಕ್ಕೆ ಹೋದರು. ನಾಗರಹೊಳೆಗೆ ಮರಳಿ ಹುಲಿಗಳ ಕೊರಳಿಗೆ ರೇಡಿಯೋ ಕಟ್ಟಿ ಕಾಡು ಸುತ್ತಿದರು. “ಇಷ್ಟು ಓದಿ ಹುಲಿ ಹಿಂದೆ ತಿರುಗ್ತೀಯಾ ಮಗಾ?” ಎಂದು ಕೇಳದ ಅಪ್ಪ ಕರಾವಳಿಯಲ್ಲಿ ಒಬ್ಬರೂ ಸಿಗಲಿಕ್ಕಿಲ್ಲ. ಆದರೆ ಕಾಲೇಜು ಅರ್ಧಕ್ಕೆ ಬಿಟ್ಟು, ಖಾದಿ ಹೊತ್ತು, ಮೂಕಿ ಚಿತ್ರ ತೆಗೆದ ಅಪ್ಪನಿಗೆ ಆ ಪ್ರಶ್ನೆ ಕೇಳುವ ನೈತಿಕ ಹಕ್ಕು 1921ರಲ್ಲೇ ಹೋಗಿತ್ತು. ಮಕ್ಕಳಿಗೆ ಸ್ವಾತಂತ್ರ್ಯ ಕೊಡಬೇಕೆನ್ನುವವರು ಮೊದಲು ತಾವು ಒಂದಿಷ್ಟು ಕೆಲಸ ಬಿಟ್ಟಿರುವುದು ಒಳ್ಳೆಯದು.

ಹುಲಿಗಳ ಲೆಕ್ಕದಲ್ಲಿ ಮಗ ಅಪ್ಪನ ಸ್ವಭಾವವನ್ನೂ ತೋರಿಸಿದರು. ಅರಣ್ಯ ಇಲಾಖೆಯವರು ಆಗ ಹುಲಿಯ ಹೆಜ್ಜೆಗುರುತಿನ ಅಚ್ಚು ತೆಗೆದು ಎಣಿಕೆ ಮಾಡುತ್ತಿದ್ದರು. ಮಣ್ಣು ಒದ್ದೆಯಿದ್ದರೆ ಒಂದೇ ಹುಲಿಯ ಹೆಜ್ಜೆ ದೊಡ್ಡದು, ಒಣಗಿದ್ದರೆ ಚಿಕ್ಕದು; ಎಣಿಸುವವರ ಕಣ್ಣಿಗೆ ತಕ್ಕಂತೆ ಹುಲಿಗಳ ಸಂಖ್ಯೆ. ಈ ಲೆಕ್ಕ ನಿಲ್ಲುವುದಿಲ್ಲ ಎಂದು ಉಲ್ಲಾಸ ಕಾರಂತರು ವರ್ಷಗಟ್ಟಲೆ ಹೇಳಿದರು. ಪ್ರತಿ ಹುಲಿಯ ಪಟ್ಟೆಯ ವಿನ್ಯಾಸ ಬೇರೆ, ಕಾಡಿನಲ್ಲಿ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಇಟ್ಟು ಪಟ್ಟೆ ನೋಡಿ ಎಣಿಸಿ ಎಂದರು. ಅಧಿಕಾರಿಗಳಿಗೆ ಇಷ್ಟವಾಗಲಿಲ್ಲ. ಆದರೆ ಹೇಳಬೇಕಾದ್ದನ್ನು ಎದುರಿಗಿರುವವರ ಮುಖ ನೋಡದೆ ಹೇಳುವ ಚಾಳಿ ವಂಶಪಾರಂಪರ್ಯವಾಗಿ ಬಂದಿತ್ತು. ತಂದೆ ಸರ್ಕಾರಕ್ಕೆ ಅಣುಸ್ಥಾವರ ಬೇಡವೆಂದರು, ಮಗ ಸರ್ಕಾರದ ಹುಲಿಗಳ ಲೆಕ್ಕ ಬೇಡವೆಂದರು. ಕೊನೆಗೆ ದೇಶದ ಹುಲಿಗಣತಿ ಕ್ಯಾಮೆರಾ ಮೇಲೆಯೇ ನಿಂತಿತು. ಈ ಒಂದು ವಿಷಯದಲ್ಲಿ ಮಗ ಅಪ್ಪನನ್ನು ಮೀರಿಸಿದರು ಎನ್ನಬೇಕು. ಮಗನ ಮಾತನ್ನು ಸರ್ಕಾರ ಕೇಳಿತು.

ಮಗಳು ಮಾಳವಿಕಾ ಕಪೂರ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನಸ್ಸನ್ನು ಓದುವ ಪ್ರಾಧ್ಯಾಪಕಿಯಾದರು. ಬಾಲವನದ ಗುಡ್ಡದಲ್ಲಿ ಅಪ್ಪ ಮಕ್ಕಳ ಮೇಲೆ ಮಾಡಿದ ಪ್ರಯೋಗಗಳನ್ನು ಕಂಡವರಿಗೆ ಬೇರೆ ವಿಷಯ ಹೊಳೆಯುವುದಾದರೂ ಹೇಗೆ?

ಎಲ್ಲವೂ ನಗುವಿನ ಮನೆಯಾಗಿರಲಿಲ್ಲ. ಹಿರಿಯ ಮಗ ಹರ್ಷ ಯೌವನದಲ್ಲೇ ತೀರಿಕೊಂಡರು. ಲೀಲಾ ಕಾರಂತರನ್ನು ಮನಸ್ಸಿನ ಕಾಯಿಲೆ ಬಹುಕಾಲ ಕಾಡಿತು. 1986ರಲ್ಲಿ ಅವರೂ ಹೋದರು. ಕಾರಂತರು ಬರೆಯುತ್ತಲೇ ಇದ್ದರು. ಅದು ಗಟ್ಟಿತನವೋ, ಬೇರೇನೂ ತೋಚದೆ ಹಿಡಿದ ಕೆಲಸವೋ ಎಂದು ಹೊರಗಿನವರು ತೀರ್ಪು ಕೊಡುವುದು ಸರಿಯಲ್ಲ.

ಅವರ ಕಾದಂಬರಿಗಳಿಗೆ ಬಂದರೆ ಒಂದು ವಿಚಿತ್ರ ಕಾಣುತ್ತದೆ. ಅಲ್ಲಿ ಅಪ್ಪಂದಿರಿಗೆ ಒಳ್ಳೆಯ ಮಾರ್ಕು ಬೀಳುವುದೇ ಇಲ್ಲ. 1933ರ ‘ಚೋಮನ ದುಡಿ’ಯ ಚೋಮ ಐದು ಮಕ್ಕಳ ತಂದೆ, ಅವನ ಸಂಕಟಕ್ಕೆ ಇರುವ ದಾರಿ ಹೆಂಡ ಮತ್ತು ದುಡಿ. ‘ಮರಳಿ ಮಣ್ಣಿಗೆ’ಯಲ್ಲಿ ಮೂರು ತಲೆಮಾರುಗಳಿವೆ: ಅಜ್ಜ ರಾಮ ಐತಾಳ, ಮಗ ಲಚ್ಚ, ಮೊಮ್ಮಗ ರಾಮ. ನಡುವಿನ ಲಚ್ಚ ಇದ್ದಬದ್ದದ್ದನ್ನೆಲ್ಲ ಹಾಳುಮಾಡಿ ಹೋಗುತ್ತಾನೆ, ಮೊಮ್ಮಗ ಬಂದು ಮಣ್ಣು ಹಿಡಿಯುತ್ತಾನೆ. ‘ಬೆಟ್ಟದ ಜೀವ’ದ ಗೋಪಾಲಯ್ಯನ ಮಗ ಮನೆ ಬಿಟ್ಟೇ ಹೋಗಿದ್ದಾನೆ, ಆದರೂ ಕುಮಾರ ಪರ್ವತದ ಬುಡದಲ್ಲಿ ಆ ಮುದುಕ ದಂಪತಿ ಬಂದ ಅಪರಿಚಿತನಿಗೆ ಉಣಬಡಿಸುವ ಸಂಭ್ರಮ ಓದಿದರೆ ಗಂಟು ಕಟ್ಟಿಕೊಂಡು ಅಲ್ಲಿಗೇ ಹೋಗೋಣವೆನ್ನಿಸುತ್ತದೆ. 1968ರ ‘ಮೂಕಜ್ಜಿಯ ಕನಸುಗಳು’ ಅಂತೂ ಅಜ್ಜಿ ಮೊಮ್ಮಗ ಇಬ್ಬರ ಮಾತುಕತೆ. ಎಳವೆಯಲ್ಲೇ ವಿಧವೆಯಾಗಿ ಮಾತು ಬಿಟ್ಟ ಅಜ್ಜಿ, ಕಂಡದ್ದನ್ನೆಲ್ಲ ಅವಳ ಕೈಯಲ್ಲಿಟ್ಟು ಪ್ರಶ್ನೆ ಕೇಳುವ ಸುಬ್ಬರಾಯ. ನಡುವೆ ಅಪ್ಪನಿಗೆ ಕುರ್ಚಿಯೇ ಇಲ್ಲ. 1977ರ ಜ್ಞಾನಪೀಠ ಪ್ರಶಸ್ತಿ ಬಂದದ್ದು ಇದಕ್ಕೇ. ಲೋಕದ ಅಜ್ಜಂದಿರೆಲ್ಲ ಹೆಂಡತಿಯ ಹೆಸರಿನಲ್ಲಿ ಹೆಚ್ಚೆಂದರೆ ಒಂದು ಮನೆ ಕಟ್ಟಿಸುತ್ತಾರೆ. ಈ ಅಜ್ಜ ಒಬ್ಬಳು ಅಜ್ಜಿಯ ಹೆಸರಿನಲ್ಲಿ ಜ್ಞಾನಪೀಠ ಮಾಡಿಸಿದರು.

ಅಪ್ಪನ ಕಾಲ ದುಡಿಮೆಯದು, ಅಜ್ಜನ ಕಾಲ ಮಾತಿನದು ಎಂಬ ಗುಟ್ಟು ಕಾರಂತರಿಗೆ ಗೊತ್ತಿತ್ತೆಂದೇ ತೋರುತ್ತದೆ. ಸ್ವಂತ ಬಾಳಿನಲ್ಲೂ ಅವರು ಅಜ್ಜನ ಪಾತ್ರಕ್ಕೆ ಬಂದಾಗ ಹುರುಪು ಇಮ್ಮಡಿಯಾಯಿತು.

ಯಕ್ಷಗಾನದ ವಿಷಯ ತೆಗೆದುಕೊಳ್ಳಿ. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಬೇರೆ ವಿದ್ವಾಂಸರಾಗಿದ್ದರೆ ಶಾಲು ಮಡಚಿಟ್ಟು ವಿಶ್ರಾಂತಿಗೆ ಹೋಗುತ್ತಿದ್ದರು. ಕಾರಂತರು ರಂಗಕ್ಕೇ ಇಳಿದರು. ರಾತ್ರಿಯಿಡೀ ನಡೆಯುವ ಆಟವನ್ನು ಎರಡು ಮೂರು ಗಂಟೆಗೆ ಇಳಿಸಿದರು. ಚೆಂಡೆ ಮದ್ದಳೆ ತಾಳಗಳ ನಡುವೆ ಪಿಟೀಲನ್ನೂ ಸ್ಯಾಕ್ಸೋಫೋನನ್ನೂ ತಂದು ಕೂರಿಸಿದರು. ಸಾಲದ್ದಕ್ಕೆ ಮಾತುಗಾರಿಕೆಯನ್ನೇ ತೆಗೆದು ಹಾಡು ಕುಣಿತಗಳ ಬ್ಯಾಲೆ ಮಾಡಿದರು. ಕರಾವಳಿಯ ಪ್ರೇಕ್ಷಕ ನೆಲಗಡಲೆ ಕಟ್ಟಿಕೊಂಡು ಬೆಳಗಿನ ಜಾವದ ತನಕ ಕೂರುವುದು ಕೃಷ್ಣನೂ ಕೌರವನೂ ಅರ್ಥ ಹೇಳುತ್ತ ಮಾತಿಗೆ ಮಾತು ಕೊಡುವುದನ್ನು ಕೇಳಲು. ಅವನಿಗೆ ಮಾತಿಲ್ಲದ ಯಕ್ಷಗಾನವೆಂದರೆ ಮೀನಿಲ್ಲದ ಮೀನುಸಾರು. ಬೈದರು, ಚರ್ಚಿಸಿದರು, ಪತ್ರಿಕೆಗಳಿಗೆ ಬರೆದರು. ಆದರೆ ಅದೇ ಪ್ರೇ‍ಕ್ಷಕರ ಮುಂದೆಯೇ ಎಂಬತ್ತರ ಆಸುಪಾಸಿನ ಈ ಅಜ್ಜ ಪಂಚೆ ಮೇಲಕ್ಕೆ ಕಟ್ಟಿ, ಕಲಾವಿದರ ನಡುವೆ ನಿಂತು, ಹೆಜ್ಜೆ ಹೀಗಲ್ಲ ಹೀಗೆ ಎಂದು ಕುಣಿದು ತೋರಿಸಿದಾಗ ಎದುರು ವಾದಿಸುವುದು ಯಾರಿಗೂ ಸುಲಭವಾಗಿರಲಿಲ್ಲ. ಕೈಬೆರಳು ಒಂದು ಮುದ್ರೆಗೆ ಬರುವ ಮೊದಲೇ ಕಣ್ಣು ಅತ್ತ ಹೊರಳುತ್ತಿತ್ತು, ಕುತ್ತಿಗೆ ಅದರ ಹಿಂದೆ. ಮೊಣಕಾಲು ಮಾತ್ರ ತನ್ನ ವಯಸ್ಸನ್ನು ತಾನು ನೆನೆಯದೆ ಸುಮ್ಮನಿರುತ್ತಿತ್ತು.

ಈ ಬ್ಯಾಲೆಗಳ ಕೊನೆಯ ಅಂಕ ಇನ್ನೂ ಸ್ವಾರಸ್ಯದ್ದು. ದಕ್ಷಿಣ ಕನ್ನಡದ ಅಜ್ಜಂದಿರು ಹೋಗುವಾಗ ಬಿಟ್ಟುಹೋಗುವ ವ್ಯಾಜ್ಯಗಳು ಎಲ್ಲರಿಗೂ ಪರಿಚಿತ: ತೋಟದ ಬೇಲಿ, ಕುಮ್ಕಿ ಜಾಗ, ನೀರಿನ ಕಣಿ, ಒಂದು ಹಲಸಿನ ಮರ. ಕಾರಂತರು 1994ರಲ್ಲಿ ಉಯಿಲು ಬರೆದರು. ಅವರು ಹೋದ ಮೇಲೆ ಯಕ್ಷಗಾನ ಬ್ಯಾಲೆಗಳ ಹಕ್ಕು ಯಾರದು ಎಂಬ ತಕರಾರು ಎದ್ದು ಕೋರ್ಟಿನಿಂದ ಕೋರ್ಟಿಗೆ ಏರಿ ಸುಪ್ರೀಂ ಕೋರ್ಟನ್ನೇ ಮುಟ್ಟಿತು. 2009ರಲ್ಲಿ ತೀರ್ಪು ಬಂತು. ಯಕ್ಷಗಾನದ ಬ್ಯಾಲೆ ನಾಟ್ಯಕೃತಿಯೋ ಸಾಹಿತ್ಯಕೃತಿಯೋ ಎಂದು ದೆಹಲಿಯ ನ್ಯಾಯಮೂರ್ತಿಗಳು ತಲೆಕೆಡಿಸಿಕೊಂಡರು. ಕುಮ್ಕಿ ಜಾಗಕ್ಕಲ್ಲದೆ ಕುಣಿತದ ಹಕ್ಕಿಗಾಗಿ ದೆಹಲಿ ತನಕ ಕೇಸು ಹೋಗುವಂಥ ಆಸ್ತಿ ಮಾಡಿಟ್ಟ ಅಜ್ಜ ಆ ಜಿಲ್ಲೆಯಲ್ಲಿ ಇವರೊಬ್ಬರೇ ಇರಬೇಕು.

ಆದರೆ ‘ಕಾರಂತಜ್ಜ’ ಎಂಬ ಹೆಸರು ಖಾಯಂ ಆದದ್ದು ‘ತರಂಗ’ದಿಂದ. 1983ರಲ್ಲಿ ಮಣಿಪಾಲದಿಂದ, ಸಂತೋಷಕುಮಾರ ಗುಲ್ವಾಡಿಯವರ ಸಂಪಾದಕತ್ವದಲ್ಲಿ ಆ ವಾರಪತ್ರಿಕೆ ಹೊರಟಿತು. ಅದರಲ್ಲಿ ‘ಬಾಲವನದಲ್ಲಿ ಕಾರಂತಜ್ಜ’ ಎಂಬ ಅಂಕಣ. ಮಕ್ಕಳು ಪ್ರಶ್ನೆ ಕೇಳುವುದು, ಅಜ್ಜ ಉತ್ತರಿಸುವುದು. ಇಷ್ಟೇ.

ಇಷ್ಟೇ ಎಂದು ಬರೆಯುವುದು ಸುಲಭ. ಆ ಕಾಲದ ಮನೆಯೊಂದರಲ್ಲಿ ಪ್ರಶ್ನೆ ಹುಟ್ಟಿ ಅಜ್ಜನನ್ನು ಮುಟ್ಟುವ ತನಕದ ದಾರಿಯನ್ನು ನೆನೆದುಕೊಳ್ಳಬೇಕು. ಹುಡುಗ ಅಥವಾ ಹುಡುಗಿ ಮೊದಲು ಅಪ್ಪನನ್ನು ಕೇಳಬೇಕು. ಅಪ್ಪ “ಅಮ್ಮನ ಹತ್ರ ಕೇಳು” ಎನ್ನಬೇಕು. ಅಮ್ಮ “ನನಗೆ ಒಲೆ ಮೇಲೆ ಹಾಲಿದೆ” ಎನ್ನಬೇಕು. ಮೇಷ್ಟ್ರು “ಸಿಲೆಬಸ್‌ನಲ್ಲಿ ಇದೆಯೇನೋ?” ಎನ್ನಬೇಕು. ಆಮೇಲೆ 15 ಪೈಸೆಯ ಒಂದು ಪೋಸ್ಟ್ ಕಾರ್ಡು. ಮೇಲಿನ ಎರಡು ಸಾಲು ದುಂಡಗೆ, ದೊಡ್ಡ ಅಕ್ಷರಗಳಲ್ಲಿ: ಪೂಜ್ಯ ಕಾರಂತಜ್ಜನಿಗೆ ಸಾಷ್ಟಾಂಗ ನಮಸ್ಕಾರಗಳು. ನಡುವಿಗೆ ಬರುವಾಗ ಅಕ್ಷರ ಸಣ್ಣದಾಗಿ ಒಂದಕ್ಕೊಂದು ತಾಗತೊಡಗುತ್ತದೆ, ಕೊನೆಗೆ ಪ್ರಶ್ನೆಯ ಮುಖ್ಯ ಭಾಗಕ್ಕೇ ಜಾಗ ಸಾಲದೆ ಅಂಚಿನಲ್ಲಿ ಅಡ್ಡಕ್ಕೆ ಹತ್ತಿ ವಿಳಾಸದ ಗೆರೆ ದಾಟಿ, ಉತ್ತರ ಬೇಗ ಬರೆಯಿರಿ ಎಂದು ಮುಗಿಯುತ್ತದೆ. ಈ ಕಾರ್ಡನ್ನು ಓದಲು ಭೂತಗನ್ನಡಿ ಬೇಕು. ಎಂಬತ್ತರ ಮೇಲಿನ, ಜ್ಞಾನಪೀಠ ಬಂದ, ದೊಡ್ಡವರ ಪತ್ರಗಳಿಗೂ ಪುರುಸೊತ್ತಿಲ್ಲದ ಮನುಷ್ಯ ಇಂಥವನ್ನು ಓದಿ ಉತ್ತರ ಬರೆಯುತ್ತಿದ್ದರು.

ಬರೆಯುವ ಅರ್ಹತೆ? ಕಾಲೇಜು ಪೂರೈಸದವರು. ಡಿಗ್ರಿಯಿಲ್ಲದವರು. ಆದರೆ 1959ರಿಂದಾಚೆಗೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ದಪ್ಪ ಸಂಪುಟಗಳನ್ನು ಒಬ್ಬರೇ ಕೂತು ಬರೆದವರು. ನಕ್ಷತ್ರ, ಸಮುದ್ರ, ಹುಳ, ರೋಗಾಣು, ಯಂತ್ರ, ಎಲ್ಲವನ್ನೂ ತಾವೇ ಓದಿ, ತಾವೇ ಅರ್ಥಮಾಡಿಕೊಂಡು, ಕನ್ನಡದಲ್ಲಿ ಹೇಳುವ ಪದ ಸಿಗದಿದ್ದಲ್ಲಿ ತಾವೇ ಪದ ಕಟ್ಟಿ ಬರೆದವರು. ಒಂದು ವಿಷಯ ತನಗೆ ಹೊಸದೆಂದು ಓದಿದವನಿಗೆ ಅದನ್ನು ಮಗುವಿಗೆ ಹೇಳುವುದು ಸುಲಭ. ತನಗೆ ಎಲ್ಲಿ ತೊಡಕಾಯಿತೆಂಬುದು ಅವನಿಗೆ ನೆನಪಿರುತ್ತದೆ. ಪಂಡಿತರಿಗೆ ಅದು ಮರೆತುಹೋಗಿರುತ್ತದೆ. ಹಾಗೆಂದೇ ಪಂಡಿತರ ಮನೆಯ ಮಕ್ಕಳು ಪಕ್ಕದ ಮನೆಗೆ ಹೋಗಿ ಪ್ರಶ್ನೆ ಕೇಳುತ್ತಾರೆ.

ಇಲ್ಲೊಂದು ಮಾತು ಹೇಳಲೇಬೇಕು. ಕಾರಂತರ ಕೋಪದ ಬಗ್ಗೆ ಕಥೆಗಳು ಎಲ್ಲ ಊರಿನಲ್ಲೂ ಇವೆ, ಹೇಳುವವರೆಲ್ಲ ತಾವೇ ಬೈಸಿಕೊಂಡವರಂತೆ ಹೆಮ್ಮೆಯಿಂದ ಹೇಳುತ್ತಾರೆ. ಆ ಕಥೆಗಳನ್ನು ಒಂದು ಕಡೆ ಹಾಕಿ ನೋಡಿದರೆ ಬೈಸಿಕೊಂಡವರೆಲ್ಲ ದೊಡ್ಡವರು: ಸಂಘಟಕರು, ಸ್ವಾಗತ ಭಾಷಣಕಾರರು, ಅಧಿಕಾರಿಗಳು, ತಾವೂ ಕವಿಗಳೆಂದು ಬಂದವರು. ಮಗುವಿಗೆ ಬೈದ ಕಥೆ ಹೇಳುವವರು ಸಿಗುವುದು ಕಷ್ಟ. ದೊಡ್ಡವರ ಪ್ರಶ್ನೆಯಲ್ಲಿ ಹೆಚ್ಚಾಗಿ ಉತ್ತರವೂ ಅದರೊಳಗೇ ಇರುತ್ತದೆ, ಕೇಳುವುದು ಹೊಗಳಿಕೆಗಾಗಿ. ಮಗು ಕೇಳುವುದು ಗೊತ್ತಿಲ್ಲದ್ದಕ್ಕೆ. ಈ ವ್ಯತ್ಯಾಸ ಕಾರಂತರಿಗೆ ದೂರದಿಂದಲೇ ತಿಳಿಯುತ್ತಿತ್ತು, ಮತ್ತು ಗೊತ್ತಾದದ್ದನ್ನು ಮುಚ್ಚಿಡುವ ಅಭ್ಯಾಸ ಅವರಿಗಿರಲಿಲ್ಲ.

ಹುಟ್ಟೂರಿನ ಪಕ್ಕದ ಸಾಲಿಗ್ರಾಮಕ್ಕೆ ಬಂದು ನೆಲೆಸಿದ ಮೇಲೂ ಕೆಲಸದ ಕ್ರಮ ಬದಲಾಗಲಿಲ್ಲ. ಕಣ್ಣು ಕೈ ಸೋತ ಕಾಲಕ್ಕೆ ಮಾಲಿನಿ ಮಲ್ಯರು ಜೊತೆಗಿದ್ದು ಹೇಳಿದ್ದನ್ನು ಬರೆದುಕೊಂಡರು; ಚೆಲ್ಲಾಪಿಲ್ಲಿಯಾಗಿದ್ದ ಲೇಖನಗಳನ್ನು ಆಮೇಲೆ ಸಂಪುಟಗಳಾಗಿ ಕೂಡಿಸಿದವರೂ ಅವರೇ. ಬಾಳಿನ ಕೊನೆಯ ಹೊತ್ತಿಗೆ ಕಾರಂತರು ಬರೆದದ್ದು ಹಕ್ಕಿಗಳ ಬಗ್ಗೆ. ತೊಂಬತ್ತೈದರ ಹತ್ತಿರದಲ್ಲಿ ಬೇರೆಯವರಾದರೆ ಪುರಾಣ ಓದಿಸಿಕೊಳ್ಳುತ್ತಾರೆ, ಇಲ್ಲವೇ ಆಸ್ತಿಯ ಪತ್ರ ಎಲ್ಲಿಟ್ಟಿದೆ ಎಂದು ಹುಡುಕಿಸುತ್ತಾರೆ. ಇವರಿಗೆ ಹಕ್ಕಿಯ ಬಣ್ಣ, ಗೂಡು, ಕೂಗು ಸರಿಯಾಗಿ ದಾಖಲಾಗಿದೆಯೋ ಇಲ್ಲವೋ ಎಂಬ ಚಿಂತೆ.

ರಕ್ತಸಂಬಂಧದ ಮೊಮ್ಮಕ್ಕಳಲ್ಲಿ ಉಲ್ಲಾಸರ ಮಗಳು ಕೃತಿ ಕಾರಂತ್ 1979ರಲ್ಲಿ ಹುಟ್ಟಿದವರು. ಕಾಡು ಮತ್ತು ಜನ ಒಬ್ಬರಿಗೊಬ್ಬರು ತಾಗುವಲ್ಲಿ ಏನಾಗುತ್ತದೆ ಎಂಬುದು ಅವರ ಸಂಶೋಧನೆ. ಆನೆ ಬೆಳೆ ತುಳಿದಾಗ, ಚಿರತೆ ದನ ಹಿಡಿದಾಗ ರೈತರಿಗೆ ಸರ್ಕಾರದ ಪರಿಹಾರ ಕೊಡಿಸಲು ಅರ್ಜಿ ತುಂಬಿಕೊಡುವ ‘ವೈಲ್ಡ್ ಸೇವೆ’ಯನ್ನು ಶುರುಮಾಡಿದರು, 2018ರಿಂದ ‘ವೈಲ್ಡ್ ಶಾಲೆ’ ಎಂದು ಕಾಡಂಚಿನ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಪ್ರಾಣಿಗಳ ವಿಷಯವನ್ನು ಆಟ, ಕಥೆ, ಚಿತ್ರಗಳಲ್ಲಿ ಕಲಿಸುವ ಕೆಲಸವೂ ನಡೆದಿದೆ. ಬಂಡೀಪುರದ ಬದಿಯ ಶಾಲೆಯಲ್ಲಿ ಆಟವಾಡುತ್ತ ಆನೆಯ ಬಗ್ಗೆ ಕಲಿಯುವ ಮಗುವಿಗೆ ಪುತ್ತೂರಿನ ಗುಡ್ಡದಲ್ಲಿ ಇದೇ ಕ್ರಮದ ಪಾಠ ಒಮ್ಮೆ ನಿಂತುಹೋಗಿತ್ತು ಎಂಬುದು ಗೊತ್ತಿರುವುದಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಅಜ್ಜನ ಶಾಲೆಗೆ ಮಕ್ಕಳು ಸಾಕಷ್ಟು ಬರಲಿಲ್ಲ. ಮೊಮ್ಮಗಳು ಶಾಲೆಯನ್ನೇ ಮಕ್ಕಳಿದ್ದಲ್ಲಿಗೆ ಕಳಿಸಿದರು. ಈ ಉಪಾಯ ಅಜ್ಜನಿಗೆ ಹೊಳೆಯದೆ ಹೋದದ್ದು ಆಶ್ಚರ್ಯ.

ಇನ್ನು ಬಾಲವನ. ಅದು ಈಗ ಸರ್ಕಾರದ ಸುಪರ್ದಿಯಲ್ಲಿದೆ. ಕಾರಂತರ ಮನೆ, ನಾಟಕ ನಡೆಯುತ್ತಿದ್ದ ಕಟ್ಟಡ ಇವೆ. ಪಕ್ಕದಲ್ಲೇ ಈಜುಕೊಳ, ಬೇಸಿಗೆ ರಜೆಯಲ್ಲಿ ಅಲ್ಲಿ ಮಕ್ಕಳು ಎಬ್ಬಿಸುವ ಗದ್ದಲದಲ್ಲಿ ಒಂದು ಸಾಲು ಓದುವುದೂ ಕಷ್ಟ. ಸಾಹಿತಿಗಳ ಸ್ಮಾರಕಗಳಲ್ಲಿ ಸಾಮಾನ್ಯವಾಗಿ ಧೂಳು, ಬೀಗ ಇರುತ್ತವೆ; ಬೀಗದ ಕೈ ಊಟಕ್ಕೆ ಹೋಗಿರುವ ಕಾವಲುಗಾರನ ಬಳಿ ಇರುತ್ತದೆ. ಆ ಲೆಕ್ಕದಲ್ಲಿ ನೀರು ಎರಚಾಡುವ ಮಕ್ಕಳಿರುವ ಸ್ಮಾರಕ ಎಷ್ಟೋ ವಾಸಿ.

ಧರ್ಮಸ್ಥಳ, ಸುಬ್ರಹ್ಮಣ್ಯ ಎಂದು ಆ ಕಡೆಗೆ ಗಾಡಿ ಓಡಿಸುವವರು ಪುತ್ತೂರಿನಲ್ಲಿ ಕಾಫಿಗೆ ನಿಲ್ಲಿಸುತ್ತಾರೆ. ಕಾಫಿಯ ಜೊತೆಗೆ ಒಂದು ಗಂಟೆಯನ್ನು ಪರ್ಲಡ್ಕದ ಗುಡ್ಡಕ್ಕೂ ಕೊಡಿ. ಜೊತೆಗೆ ಮಕ್ಕಳಿದ್ದರೆ ಅವರ ಮುಂದೆ ಕಾರಂತರ ಪ್ರಶಸ್ತಿಗಳ ಪಟ್ಟಿ ಒಪ್ಪಿಸಬೇಡಿ, ಫೋಟೊಕ್ಕೆ ಸಾಲಾಗಿ ನಿಲ್ಲಿಸಲೂ ಬೇಡಿ. ‘ಢಂ ಢಂ ಢೋಲು’ ಅಥವಾ ‘ಮರಿಯಪ್ಪನ ಸಾಹಸಗಳು’ ಎಲ್ಲಾದರೂ ಸಿಕ್ಕರೆ ಕೊಂಡುಕೊಡಿ. ಓದಿದ ಮೇಲೆ ಮಗು ಏನಾದರೂ ಪ್ರಶ್ನೆ ಕೇಳಿದರೆ, ದಯವಿಟ್ಟು ಅಮ್ಮನ ಹತ್ರ ಕೇಳು ಎನ್ನಬೇಡಿ.